ಕ್ರೀಡಾ ಫಿಸಿಯೋಥೆರಪಿ ವೃತ್ತಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮುಗಿಸಿದವರು, ಬಿಪಿಟಿ (ಫಿಸಿಯೋಥೆರಪಿ ಪದವಿ) ಓದುತ್ತಿರುವವರು, ಮಕ್ಕಳನ್ನು ಈ ಕೋರ್ಸಿಗೆ ಸೇರಿಸುವ ಯೋಚನೆಯಲ್ಲಿರುವ ತಂದೆ-ತಾಯಿ, ಜೊತೆಗೆ ಕೆಲವು ಕೋಚ್‌ಗಳು ಕೇಳುವ ಪ್ರಶ್ನೆಗಳು ಇಲ್ಲಿವೆ. ಮಹಾನಗರದ ಕ್ರಿಕೆಟ್ ಅಕಾಡೆಮಿಗಳ ಲೆಕ್ಕ ಬೇರೆ. ಕುಸ್ತಿ, ಕಬಡ್ಡಿ, ಸೈಕ್ಲಿಂಗ್ ಇರುವ ನಮ್ಮ ಭಾಗಕ್ಕೆ ಹೊಂದುವಂತೆ ಉತ್ತರಿಸಿದ್ದೇವೆ.

ಕ್ರೀಡಾ ಫಿಸಿಯೋ ಅಂದರೆ ಸ್ಪ್ರೇ ಹಿಡಿದು ಮೈದಾನಕ್ಕೆ ಓಡುವವರಾ?

ಟಿವಿಯಲ್ಲಿ ಕಾಣುವುದು ಅಷ್ಟೇ. ಆ ಸ್ಪ್ರೇ ಚರ್ಮವನ್ನು ಒಂದೆರಡು ನಿಮಿಷ ಮರಗಟ್ಟಿಸುತ್ತದೆ. ಒಳಗೆ ಹರಿದ ಲಿಗಮೆಂಟಿಗೆ (ಎಲುಬುಗಳನ್ನು ಹಿಡಿದಿಡುವ ನಾರಿಗೆ) ಅದರಿಂದ ಏನೂ ಆಗುವುದಿಲ್ಲ.

ನಿಜವಾದ ಕೆಲಸ ಆಮೇಲೆ ಶುರು. ಯಾವ ಭಾಗಕ್ಕೆ ಏಟು ಬಿದ್ದಿದೆ, ಎಕ್ಸ್‌ರೇ ಬೇಕೋ ಬೇಡವೋ, ಯಾವ ವೈದ್ಯರ ಬಳಿ ಕಳಿಸಬೇಕು ಎಂದು ಮೊದಲು ಪರೀಕ್ಷಿಸಿ ಹೇಳಬೇಕು. ನಂತರ ಗಾಯಗೊಂಡ ಅಂಗದ ಮೇಲೆ ಎಷ್ಟು ಭಾರ, ಎಷ್ಟು ವೇಗ, ವಾರಕ್ಕೆ ಎಷ್ಟು ಸಲ ಎಂಬುದನ್ನು ಹಂತಹಂತವಾಗಿ ಏರಿಸಬೇಕು. ಪ್ರತಿ ಹಂತದಲ್ಲಿ ಅಳತೆ ತೆಗೆದು ಬರೆದಿಡಬೇಕು. ಕೊನೆಗೆ 'ಈಗ ಆಡಬಹುದು' ಅಥವಾ 'ಈ ಸಲದ ಜಾತ್ರೆ ಕುಸ್ತಿ ಬಿಡು' ಎಂದು ಹೇಳಬೇಕು. ಎರಡನೆಯ ಮಾತು ಹೇಳುವುದಕ್ಕೇ ಹೆಚ್ಚು ಓದು ಬೇಕಾಗುತ್ತದೆ, ಏಕೆಂದರೆ ಪೈಲ್ವಾನ, ವಸ್ತಾದ (ಕುಸ್ತಿ ಕಲಿಸುವ ಗುರು), ಮನೆಯವರು ಮೂರೂ ಕಡೆಯಿಂದ ಒತ್ತಡ ಬರುತ್ತದೆ. ನಿಮ್ಮ ಕೈಯಲ್ಲಿ ಅಳತೆಯ ಅಂಕಿ ಇಲ್ಲದಿದ್ದರೆ ಆ ಒತ್ತಡದ ಮುಂದೆ ನಿಲ್ಲುವುದು ಕಷ್ಟ.

ಯಾವ ಕೋರ್ಸ್ ಓದಬೇಕು? ಎಷ್ಟು ವರ್ಷ?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ನಂತರ ಬಿಪಿಟಿ. ಹಳೆಯ ಪದ್ಧತಿಯಲ್ಲಿ ಅದು 4 ವರ್ಷ ಓದು, 6 ತಿಂಗಳು ಇಂಟರ್ನ್‌ಶಿಪ್. 2025ರಲ್ಲಿ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಹೊರತಂದ ಹೊಸ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಸೇರಿ 5 ವರ್ಷ. ಪ್ರವೇಶ ಪರೀಕ್ಷೆಯ ನಿಯಮಗಳೂ ಬದಲಾಗುತ್ತಿರುವ ಕಾಲ ಇದು. ಹಾಗಾಗಿ ಅಣ್ಣನೋ ಅಕ್ಕನೋ ಸೇರಿದ ವರ್ಷದ ನಿಯಮವನ್ನು ನಂಬಿ ಕೂರಬೇಡಿ, ನೀವು ಸೇರುವ ವರ್ಷದ ಅಧಿಸೂಚನೆಯನ್ನೇ ಓದಿ.

'ಕ್ರೀಡಾ' ಎಂಬ ವಿಶೇಷ ಪರಿಣತಿ ಬರುವುದು ಎಂಪಿಟಿಯಲ್ಲಿ (ಸ್ನಾತಕೋತ್ತರ ಪದವಿ), ಅದು 2 ವರ್ಷ. ಬಿಪಿಟಿ ಮುಗಿಸಿದ ಕೂಡಲೇ ಎಂಪಿಟಿಗೆ ಹಾರುವುದಕ್ಕಿಂತ ನಡುವೆ ಒಂದೆರಡು ವರ್ಷ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ದುಡಿದು ಹೋಗುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಯಾದ ಮೊಣಕಾಲನ್ನು ಮೊದಲ ದಿನದಿಂದ ನೋಡಿದವರಿಗೂ ಮೂರನೇ ತಿಂಗಳಿನಿಂದ ನೋಡಿದವರಿಗೂ ತಿಳಿವಳಿಕೆಯಲ್ಲಿ ತುಂಬಾ ಅಂತರವಿರುತ್ತದೆ.

6 ತಿಂಗಳ ಡಿಪ್ಲೊಮಾ ಮಾಡಿ 'ಸ್ಪೋರ್ಟ್ಸ್ ಫಿಸಿಯೋ' ಎಂದು ಬೋರ್ಡ್ ಹಾಕಲು ಬರುವುದಿಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಯಲ್ಲಿ ಫಿಸಿಯೋಥೆರಪಿ ಇದೆ. ಮಾನ್ಯ ಪದವಿ ಮತ್ತು ನೋಂದಣಿ ಇಲ್ಲದೆ ವೃತ್ತಿ ನಡೆಸುವಂತಿಲ್ಲ.

ನಮ್ಮ ಭಾಗದಲ್ಲೇ ಓದಬಹುದಾ? ಬೆಂಗಳೂರಿಗೆ ಹೋಗಲೇಬೇಕಾ?

ಹೋಗಲೇಬೇಕು ಎಂದೇನೂ ಇಲ್ಲ. ಬೆಳಗಾವಿಯಲ್ಲಿ ಕೆಎಲ್‌ಇ ಇನ್‌ಸ್ಟಿಟ್ಯೂಟ್ ಆಫ್ ಫಿಸಿಯೋಥೆರಪಿ ಇದೆ. ಅದು ಡೀಮ್ಡ್ ವಿಶ್ವವಿದ್ಯಾಲಯದ ಅಡಿಯಲ್ಲಿ ಬರುವುದರಿಂದ ಪ್ರವೇಶ, ಶುಲ್ಕದ ನಿಯಮಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಿಗಿಂತ ಬೇರೆ. ಅರ್ಜಿ ಹಾಕುವಾಗ ಈ ವ್ಯತ್ಯಾಸ ಗಮನದಲ್ಲಿರಲಿ.

ಯಾವುದೇ ಕಾಲೇಜಾಗಲಿ, ಕಟ್ಟಡಕ್ಕಿಂತ ಮೊದಲು ಇವನ್ನು ಕೇಳಿ: ಹೊಂದಿಕೊಂಡ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ, ಆರ್ಥ್ರೋಸ್ಕೊಪಿ (ಕೀಲಿನೊಳಗೆ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ) ಆಗುತ್ತದಾ, ಶರೀರ ರಚನೆ ಕಲಿಸಲು ಶವ ಛೇದನದ ಸೌಲಭ್ಯ ಇದೆಯಾ, ಪಂದ್ಯಾವಳಿಗಳಿಗೆ ವಿದ್ಯಾರ್ಥಿಗಳನ್ನು ಕಳಿಸುತ್ತಾರಾ. ಕೊನೆಯದಕ್ಕೆ 'ಇಲ್ಲ' ಎಂದರೂ ಸೇರಬಹುದು, ಮೈದಾನವನ್ನು ನೀವೇ ಹುಡುಕಿಕೊಳ್ಳಬಹುದು. ಮೊದಲ ಮೂರಕ್ಕೆ 'ಇಲ್ಲ' ಎಂದರೆ ಯೋಚಿಸಿ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಓದಲು ಆಗುತ್ತದಾ?

ಆಗುತ್ತದೆ. ಮೊದಲ ವರ್ಷದ ಶರೀರ ರಚನಾಶಾಸ್ತ್ರ ಮಾತ್ರ ಬೆವರಿಳಿಸುತ್ತದೆ. ಅಲ್ಲಿನ ಶಬ್ದಗಳು ಇಂಗ್ಲಿಷ್ ಮಾಧ್ಯಮದವರಿಗೂ ಹೊಸವೇ, ಬಹುತೇಕ ಲ್ಯಾಟಿನ್, ಗ್ರೀಕ್ ಮೂಲದವು. ಒಂದೊಂದು ಸ್ನಾಯುವಿಗೂ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೇರುತ್ತದೆ, ಯಾವ ನರ, ಏನು ಕೆಲಸ ಎಂಬ ನಾಲ್ಕು ಸಾಲು ಬರೆದು, ಸ್ನೇಹಿತನ ಮೈಮೇಲೆ ಬೆರಳಿಟ್ಟು ತೋರಿಸುತ್ತ ಕಲಿಯಿರಿ. ಮುಂದೆ ನಿಮ್ಮ ಮುಂದೆ ಕೂರುವ ಪೈಲ್ವಾನನಿಗೆ ಅವನ ಮಾತಿನಲ್ಲೇ ವಿವರಿಸಬಲ್ಲಿರಿ ಎಂಬ ಲಾಭ ಬೇರೆ ಇದೆ. ಬೆಳಗಾವಿ ನಗರ, ನಿಪ್ಪಾಣಿ, ಖಾನಾಪುರ ಕಡೆ ಕೆಲಸ ಮಾಡುವವರಿಗೆ ಮರಾಠಿಯೂ ಬಂದರೆ ಒಳ್ಳೆಯದು.

ಇಲ್ಲಿ ಎಂಥ ಗಾಯಗಳು ಹೆಚ್ಚು?

ಆಟದ ಮೇಲೆ ಹೋಗುತ್ತದೆ. ಕಬಡ್ಡಿಯಲ್ಲಿ ಮೊಣಕಾಲಿನ ಎಸಿಎಲ್ (ಕೀಲಿನೊಳಗಿನ ಮುಖ್ಯ ಲಿಗಮೆಂಟ್), ಪಾದದ ಕೀಲು, ಬೆರಳು. ಕುಸ್ತಿಯಲ್ಲಿ ಭುಜ, ಕುತ್ತಿಗೆ, ಮೊಣಕಾಲು, ಕಿವಿ, ಚರ್ಮ. ಸೈಕ್ಲಿಂಗ್‌ನಲ್ಲಿ ಬಿದ್ದರೆ ಕಾಲರ್ ಬೋನ್, ಬೀಳದಿದ್ದರೂ ಮೊಣಕಾಲಿನ ಮುಂಭಾಗದ ನೋವು, ಸೊಂಟ, ಅಂಗೈ ಜೋಮು. ಓಟಗಾರರಲ್ಲಿ ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಮತ್ತು ಮೊಣಕಾಲ ಕೆಳಗಿನ ಎಲುಬಿನ ನೋವು. ಸೇನೆ, ಪೊಲೀಸ್ ಭರ್ತಿಗೆ ದಿಢೀರನೆ ಓಟ ಶುರುಮಾಡುವ ಹುಡುಗರಲ್ಲಿ ಈ ಕೊನೆಯದು ವಿಪರೀತ.

ಕಾಲು ಉಳುಕಿದ ಆಟಗಾರನನ್ನು ಮೈದಾನದಲ್ಲೇ ಹೇಗೆ ನೋಡುವುದು?

ಎಲುಬು ಮುರಿದಿದೆಯೋ ಎಂಬ ಅನುಮಾನವನ್ನು ಮೊದಲು ಬಗೆಹರಿಸಬೇಕು. ಅದಕ್ಕೆ ಒಟ್ಟಾವಾ ನಿಯಮಗಳಿವೆ. ಪಾದದ ಕೀಲಿನ ಎರಡೂ ಬದಿಯ ಗುಬುಟಿನ ಹಿಂದಿನ ಅಂಚನ್ನು ತುದಿಯಿಂದ 6 ಸೆಂ.ಮೀ. ಮೇಲಿನವರೆಗೆ ಬೆರಳಿನಿಂದ ಒತ್ತಿ. ಕಿರುಬೆರಳಿನ ಕಡೆಯ ಉದ್ದನೆಯ ಎಲುಬಿನ ಬುಡವನ್ನು ಒತ್ತಿ. ಪಾದದ ಒಳಬದಿಯ ನ್ಯಾವಿಕ್ಯುಲರ್ ಎಲುಬನ್ನು ಒತ್ತಿ. ನಾಲ್ಕು ಹೆಜ್ಜೆ ನಡೆಯಲು ಹೇಳಿ, ಕುಂಟಿದರೂ ಸರಿ. ಎಲುಬಿನ ಮೇಲೆಯೇ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಆಗದಿದ್ದರೆ ಎಕ್ಸ್‌ರೇಗೆ ಕಳಿಸಿ. ಎರಡೂ ಇಲ್ಲದಿದ್ದರೆ ಎಲುಬು ಮುರಿದಿರುವ ಸಾಧ್ಯತೆ ತೀರಾ ಕಡಿಮೆ.

ಮೊದಲ 48 ಗಂಟೆ ಕ್ರೇಪ್ ಬ್ಯಾಂಡೇಜ್, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಡುವುದು, ನೋವು ಸಹಿಸುವಷ್ಟು ನಡಿಗೆ. ತಿಂಗಳುಗಟ್ಟಲೆ ಮಲಗಿಸುವ ಹಳೆಯ ಪದ್ಧತಿ ಬಿಟ್ಟುಹೋಗಿದೆ. ನೋವು ಇಳಿದ ಮೇಲೆ ಒಂದೇ ಕಾಲಲ್ಲಿ ನಿಲ್ಲುವುದು, ನಂತರ ಕಣ್ಣು ಮುಚ್ಚಿ, ನಂತರ ಮೆತ್ತನೆಯ ಮ್ಯಾಟ್ ಮೇಲೆ. ಒಂದೇ ಕಾಲಲ್ಲಿ ಹಿಮ್ಮಡಿ ಎತ್ತುವುದು ಸುಮಾರು 25 ಸಲ ಆಗಬೇಕು. ಬಾವು ಇಳಿದ ತಕ್ಷಣ ಎಲ್ಲರೂ ಈ ಸಮತೋಲನದ ವ್ಯಾಯಾಮ ನಿಲ್ಲಿಸಿಬಿಡುತ್ತಾರೆ. ಅದೇ ಕಾಲು ಮತ್ತೆ ಮತ್ತೆ ಉಳುಕಲು ಮುಖ್ಯ ಕಾರಣ ಅದೇ.

ಎಸಿಎಲ್ ಆಪರೇಷನ್ ಆದವರು 6 ತಿಂಗಳಿಗೆ ಕಬಡ್ಡಿ ಆಡಬಹುದು ಅಂತಾರಲ್ಲ?

ಬೇಡ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 9 ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮರುಗಾಯದ ಪ್ರಮಾಣ 51% ಇಳಿದಿತ್ತು. 9 ತಿಂಗಳು ಎಂಬ ಗೆರೆ ಬಂದದ್ದು ಅಲ್ಲಿಂದ. ಆದರೆ ಕ್ಯಾಲೆಂಡರ್ ಒಂದೇ ಸಾಲದು, ಅಳತೆಯೂ ಪಾಸಾಗಬೇಕು.

ಹಾದಿ ಸ್ಥೂಲವಾಗಿ ಹೀಗಿರುತ್ತದೆ. ಮೊದಲ ಎರಡು ವಾರ ಗುರಿ ಎರಡೇ: ಮೊಣಕಾಲು ಪೂರ್ತಿ ನೇರವಾಗಬೇಕು, ತೊಡೆಯ ಮುಂದಿನ ಸ್ನಾಯು ಎಚ್ಚರವಾಗಬೇಕು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮೊಣಕಾಲನ್ನು 10 ನಿಮಿಷ ಹಾಗೇ ಇಳಿಬಿಡುವುದು, ದಿನಕ್ಕೆ ನಾಲ್ಕೈದು ಸಲ. ಮನೆಗಳಲ್ಲಿ ಆಗುವ ತಪ್ಪು ಎಂದರೆ ದಿಂಬು. ಹುಡುಗನಿಗೆ ನೋವಾಗುತ್ತದೆಂದು ಅವ್ವ ಪ್ರೀತಿಯಿಂದ ಮೊಣಕಾಲ ಕೆಳಗೆ ದಿಂಬು ಕೊಡುತ್ತಾಳೆ. ಕಾಲು ಮಡಚಿದ ಸ್ಥಿತಿಯಲ್ಲೇ ಹಿತವಾಗಿ ಉಳಿದು, ಕೊನೆಯ 5 ಡಿಗ್ರಿ ನೇರವಾಗುವುದೇ ಇಲ್ಲ. ಆ 5 ಡಿಗ್ರಿ ಕೊರತೆ ಇರುವವನು ಕುಂಟುತ್ತಾನೆ, ತೊಡೆ ತುಂಬಿಕೊಳ್ಳುವುದಿಲ್ಲ, ಮೊಣಕಾಲಿನ ಮುಂಭಾಗ ನೋಯಲು ಶುರುವಾಗುತ್ತದೆ. ಹೀಗಾಗಿ ಮೊದಲ ದಿನವೇ ಮನೆಯವರನ್ನು ಕೂರಿಸಿ ದಿಂಬಿನ ಜಾಗ ತೋರಿಸಿಕೊಡಬೇಕು.

ನಂತರ ಮಡಚುವಿಕೆ. 110 ಡಿಗ್ರಿ ಸಿಕ್ಕರೆ ನಿಂತಲ್ಲೇ ತುಳಿಯುವ ಸೈಕಲ್ ಪೂರ್ತಿ ಸುತ್ತು ಬರುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನ ಶೌಚಾಲಯ, ಹೊಲದಲ್ಲಿ ಕುಕ್ಕರಿಸಿ ಕೂರುವುದು ಶಸ್ತ್ರಚಿಕಿತ್ಸಕರು ಒಪ್ಪುವವರೆಗೂ ಇಲ್ಲ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಆಪರೇಷನ್‌ಗೂ ಮುಂಚೆಯೇ ಕಮೋಡ್ ಕುರ್ಚಿ ತರಿಸಿಡಬೇಕು.

6ರಿಂದ 12 ವಾರ ಅಪಾಯದ ಕಾಲ. ನೋವು, ಬಾವು ಇಳಿದಿರುತ್ತದೆ, ಹುಡುಗ ಓಡಾಡುತ್ತಾನೆ, 'ನನಗೇನೂ ಆಗಿಲ್ಲ' ಎನ್ನುತ್ತಾನೆ. ಒಳಗೆ ಕೂರಿಸಿದ ಹೊಸ ನಾರು ಮಾತ್ರ ಆಗಲೇ ತನ್ನ ಹಳೆಯ ಜೀವಕೋಶಗಳನ್ನು ಕಳೆದುಕೊಂಡು, ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತ, ಅತ್ಯಂತ ಮೆತ್ತಗಿರುತ್ತದೆ. ಈ ಅವಧಿಯಲ್ಲಿ ಗೆಳೆಯರ ಜೊತೆ 'ಸುಮ್ಮನೆ ಎರಡು ರೇಡ್' ಎಂದು ಇಳಿದವರು ಮತ್ತೆ ಆಪರೇಷನ್ ಟೇಬಲ್ ಏರುತ್ತಾರೆ.

ಓಟ ಸಾಮಾನ್ಯವಾಗಿ 3-4 ತಿಂಗಳ ನಂತರ. ಬಾವು ಇರಬಾರದು, ತೊಡೆಯ ಬಲ ಇನ್ನೊಂದು ಕಾಲಿನ ಸುಮಾರು 70-80% ಬಂದಿರಬೇಕು. ಆಟಕ್ಕೆ ಮರಳಲು ಬಲವೂ, ಒಂಟಿ ಕಾಲಿನ ನಾಲ್ಕು ಜಿಗಿತದ ಪರೀಕ್ಷೆಗಳೂ 90% ದಾಟಬೇಕು: ಒಂದು ಜಿಗಿತದ ದೂರ, ಮೂರು ಜಿಗಿತದ ದೂರ, ಗೆರೆ ದಾಟುತ್ತ ಮೂರು ಜಿಗಿತ, 6 ಮೀಟರ್ ಜಿಗಿಯಲು ಹಿಡಿದ ಸಮಯ. ಬಿಳಿ ಟೇಪು, ಅಳತೆ ಪಟ್ಟಿ, ಮೊಬೈಲ್‌ನ ಸ್ಟಾಪ್‌ವಾಚ್ ಇದ್ದರೆ ಜಿಗಿತ ಅಳೆಯಬಹುದು. ಬಲ ಅಳೆಯಲು ಕೈಯಲ್ಲಿ ಹಿಡಿಯುವ ಡೈನಮೋಮೀಟರ್ ಬೇಕು. ಕೈಯಿಂದ ಒತ್ತಿ 'ಐದಕ್ಕೆ ಐದು' ಎಂದು ಬರೆಯುವುದು ಆಟಗಾರರಿಗೆ ಸಾಲದು. 60% ಬಲ ಇರುವ ತೊಡೆಯೂ ಆ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ.

ಇನ್ನೊಂದು ಸೂಕ್ಷ್ಮ: ತಿಂಗಳುಗಟ್ಟಲೆ ಆಡದಿದ್ದಾಗ ಚೆನ್ನಾಗಿರುವ ಕಾಲೂ ಸೊರಗಿರುತ್ತದೆ. ಅದಕ್ಕೆ ಹೋಲಿಸಿ 90% ಬಂತೆಂದರೆ ಅದು ಸೋತ ಕಾಲಿನ 90%. ಆಪರೇಷನ್‌ಗೆ ಮುಂಚೆಯೇ ಎರಡೂ ಕಾಲಿನ ಅಳತೆ ತೆಗೆದು ಫೈಲಿನಲ್ಲಿ ಇಟ್ಟುಕೊಳ್ಳುವುದು ಇದಕ್ಕೇ.

ವಿಜಯಪುರ, ಬಾಗಲಕೋಟೆಯಲ್ಲಿ ಸೈಕ್ಲಿಸ್ಟ್‌ಗಳು ಜಾಸ್ತಿ. ಅವರ ಮೊಣಕಾಲು ನೋವಿಗೆ ಏನು ಕಾರಣ?

ಹೌದು, ರಾಜ್ಯ ತಂಡದ ಸೈಕ್ಲಿಸ್ಟ್‌ಗಳಲ್ಲಿ ಬಹಳ ಜನ ಈ ಎರಡು ಜಿಲ್ಲೆಯವರು. ಕ್ರೀಡಾ ನಿಲಯಗಳೂ ಇವೆ, ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯೂ ಇದೆ. ಈ ಮಕ್ಕಳ ಮೊಣಕಾಲನ್ನು ನೋಡುವ ಮೊದಲು ಸೈಕಲ್ಲನ್ನು ನೋಡಿ.

ಸೀಟು ತಗ್ಗಿದ್ದರೆ ಪೆಡಲ್ ಮೇಲೆ ಬಂದಾಗ ಮೊಣಕಾಲು ಅತಿಯಾಗಿ ಮಡಚಿ ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ, ಮುಂಭಾಗ ನೋಯುತ್ತದೆ. ಸೀಟು ಎತ್ತರವಾದರೆ ಕೆಳಗೆ ತುಳಿಯುವಾಗ ಕಾಲು ಚಾಚಿ ಹಿಂಭಾಗ ನೋಯುತ್ತದೆ, ಸೊಂಟ ಆಚೀಚೆ ತೂಗಾಡುತ್ತದೆ. ಪೆಡಲ್ ಅತ್ಯಂತ ಕೆಳಗಿದ್ದಾಗ ಮೊಣಕಾಲಿನ ಮಡಿಕೆ 25ರಿಂದ 35 ಡಿಗ್ರಿ ನಡುವೆ ಇರಬೇಕು. ಕೋನ ಅಳೆಯುವ ಗೋನಿಯೋಮೀಟರ್‌ನಲ್ಲಿ ಅಳೆಯಿರಿ.

ಅಂದಾಜಿಗೆ ಒಂದು ಸೂತ್ರವಿದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತೊಡೆಸಂದಿಗೆ ಒಂದು ಗಟ್ಟಿ ರಟ್ಟಿನ ಪುಸ್ತಕ ಒತ್ತಿಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 78 ಸೆಂ.ಮೀ. ಬಂದರೆ ಸುಮಾರು 68.9 ಸೆಂ.ಮೀ. ಇದು ಕ್ರ್ಯಾಂಕಿನ (ಪೆಡಲ್ ಜೋಡಿಸಿದ ತೋಳು ತಿರುಗುವ ಜಾಗದ) ನಡುಮಧ್ಯದಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ. ಇದು ಶುರುವಿಗೆ ಮಾತ್ರ, ಕೊನೆಯ ತೀರ್ಮಾನ ಕೋನ ನೋಡಿಯೇ. ಬದಲಾಯಿಸುವಾಗ ಒಂದು ಸಲಕ್ಕೆ 3-5 ಮಿ.ಮೀ. ಮೀರಬೇಡಿ. ಒಮ್ಮೆಲೇ 2 ಸೆಂ.ಮೀ. ಏರಿಸಿದರೆ ಮುಂಭಾಗದ ನೋವು ಹೋಗಿ ಹಿಂಭಾಗದ್ದು ಬರುತ್ತದೆ.

ನಿಲಯಗಳಲ್ಲಿ ಇದು ತಪ್ಪುವುದು ಒಂದೇ ಕಾರಣಕ್ಕೆ. 13-14ರ ವಯಸ್ಸಿನಲ್ಲಿ ಮಕ್ಕಳು ಬೆಳೆಯುತ್ತಾರೆ, ಸೀಟು ಅಲ್ಲೇ ಇರುತ್ತದೆ. ಸೀನಿಯರ್ ಬಿಟ್ಟುಹೋದ ಸೈಕಲ್ಲು ಜೂನಿಯರ್‌ಗೆ ಬಂದಾಗ ಅಳತೆ ಬದಲಾಗಿರುವುದಿಲ್ಲ. ಎರಡು ತಿಂಗಳಿಗೊಮ್ಮೆ ಪ್ರತಿ ಮಗುವಿನ ಕಾಲಳತೆ ತೆಗೆದು, ಸೀಟಿನ ಕಂಬದ ಮೇಲೆ ಬಣ್ಣದ ಟೇಪಿನ ಗುರುತು ಹಾಕಿದರೆ ಅರ್ಧ ದೂರು ಕ್ಲಿನಿಕ್ಕಿಗೆ ಬರುವ ಮೊದಲೇ ಮುಗಿಯುತ್ತದೆ. ಈ ವಯಸ್ಸಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗಿನ ಎಲುಬಿನ ಉಬ್ಬು ಊದಿ ನೋಯುತ್ತಿದ್ದರೆ ಅದು ಆಸ್ಗುಡ್-ಶ್ಲಾಟರ್ ಇರಬಹುದು. ಬೆಳೆಯುವ ಎಲುಬನ್ನು ಸ್ನಾಯುರಜ್ಜು ಎಳೆಯುವುದರಿಂದ ಆಗುವ ನೋವು ಅದು. ಜಿಗಿತ, ಏರುದಾರಿಯ ಅಭ್ಯಾಸ ತಗ್ಗಿಸಬೇಕು. ಉಜ್ಜಿ ಇಳಿಸಲು ಹೋಗಬಾರದು.

ಗರಡಿಯಲ್ಲಿ ಎಣ್ಣೆ ಹಚ್ಚಿ ತಿಕ್ಕುವುದು ತಪ್ಪಾ?

ಅಭ್ಯಾಸ ಮುಗಿಸಿದ ದಣಿದ ಮೈಗೆ ತಿಕ್ಕುವುದು ತಪ್ಪೇನಲ್ಲ, ಹಿತವೂ ಹೌದು. ಹೊಸ ಏಟಿನ ಮೇಲೆ ತಿಕ್ಕುವುದು ತಪ್ಪು. ತೊಡೆಗೆ ಮೊಣಕಾಲಿನ ಏಟು ಬಿದ್ದು ರಕ್ತ ಹೆಪ್ಪುಗಟ್ಟಿದ ಜಾಗವನ್ನು ಮೊದಲ ಎರಡು-ಮೂರು ದಿನ ಬಲವಾಗಿ ತಿಕ್ಕಿದರೆ, ಬಿಸಿ ಕೊಟ್ಟರೆ, ಒಳಗೆ ರಕ್ತ ಇನ್ನಷ್ಟು ಸುರಿಯುತ್ತದೆ. ಮುಂದೆ ಆ ಸ್ನಾಯುವಿನೊಳಗೇ ಎಲುಬು ಕಟ್ಟಿಕೊಳ್ಳುವ ಅಪಾಯ ಹೆಚ್ಚುತ್ತದೆ. ಮೂರ್ನಾಲ್ಕು ವಾರದ ನಂತರ ಎಕ್ಸ್‌ರೇಯಲ್ಲಿ ಅದು ಬೆಳ್ಳಗೆ ಕಾಣುತ್ತದೆ, ಮೊಣಕಾಲು ಮಡಚುವುದು ತಿಂಗಳುಗಟ್ಟಲೆ ಕಷ್ಟ. ಇಂಥ ಏಟಿಗೆ ಮೊಣಕಾಲನ್ನು ನೋವಿಲ್ಲದಷ್ಟು, ಸಾಧ್ಯವಾದರೆ 120 ಡಿಗ್ರಿವರೆಗೆ ಮಡಚಿ, ಕ್ರೇಪ್ ಬ್ಯಾಂಡೇಜ್ ಸುತ್ತಿ ಮೊದಲ ದಿನ ಹಾಗೆ ಇಡುವುದು ಒಳ್ಳೆಯ ಕ್ರಮ.

ಕಿವಿಯ ವಿಷಯವೂ ಹೀಗೇ. ತಲೆ ತಲೆ ಉಜ್ಜಿ ಕಿವಿ ಊದಿದಾಗ ಮೃದ್ವಸ್ಥಿ ಮತ್ತು ಅದರ ಹೊದಿಕೆಯ ನಡುವೆ ರಕ್ತ ತುಂಬಿರುತ್ತದೆ. ವಾರದೊಳಗೆ, ಆದಷ್ಟು ಬೇಗ ಕಿವಿ-ಮೂಗು-ಗಂಟಲು ವೈದ್ಯರು ಅದನ್ನು ತೆಗೆದು ಒತ್ತು ಪಟ್ಟಿ ಕಟ್ಟಬೇಕು. ಗರಡಿಯಲ್ಲೇ ಸೂಜಿ ಚುಚ್ಚಿ ತೆಗೆದರೆ ಮತ್ತೆ ತುಂಬುತ್ತದೆ, ಕೀವೂ ಆಗಬಹುದು. ಮುದುಡಿದ ಕಿವಿ ಪೈಲ್ವಾನನ ಪದಕ ಎಂಬ ಹೆಮ್ಮೆ ಇದೆ, ಅದನ್ನು ಟೀಕಿಸಲು ಹೋಗದೆ ಎರಡೂ ಆಯ್ಕೆ ಮುಂದಿಡಿ.

ಕೆಂಪು ಮಣ್ಣಿನ ಕಣದಲ್ಲಿ ಆಡುವವರ ಧನುರ್ವಾಯು (ಟೆಟನಸ್) ಇಂಜೆಕ್ಷನ್ ದಿನಾಂಕ ನಿಮ್ಮ ಪುಸ್ತಕದಲ್ಲಿರಲಿ. ಮ್ಯಾಟ್ ಮೇಲೆ ಆಡುವವರಲ್ಲಿ ಗಜಕರ್ಣ ಒಬ್ಬನಿಂದ ಇಡೀ ನಿಲಯಕ್ಕೆ ಹರಡುತ್ತದೆ. ಒಂದೇ ಟವೆಲ್, ಒಂದೇ ಲಂಗೋಟ ಹಂಚಿಕೊಳ್ಳುವುದನ್ನು ನಿಲ್ಲಿಸದೆ ಮುಲಾಮು ಮಾತ್ರ ಹಚ್ಚಿದರೆ ಮತ್ತೆ ಬರುತ್ತದೆ.

ವಸ್ತಾದರ ವಿಚಾರದಲ್ಲಿ ಒಂದು ಮಾತು. ಅವರನ್ನು ಬದಿಗಿಟ್ಟು ಪೈಲ್ವಾನನಿಗೆ ನೇರ ಸಲಹೆ ಕೊಟ್ಟರೆ ಅದು ಕಣಕ್ಕೆ ತಲುಪುವುದಿಲ್ಲ. 'ವಿಶ್ರಾಂತಿ ಕೊಡಿ' ಎಂದು ಬರೆಯುವ ಬದಲು 'ಭುಜಕ್ಕೆ ಭಾರ ಬೀಳುವ ಪಟ್ಟು ಹತ್ತು ದಿನ ಬೇಡ್ರಿ, ಬೈಠಕ್ ಮಾಡಿಸ್ರಿ, ಓಡಿಸ್ರಿ' ಎಂದು ಅವರಿಗೇ ಹೇಳಿ. ಏನು ಮಾಡಬಾರದು ಎನ್ನುವುದರ ಜೊತೆ ಏನು ಮಾಡಬಹುದು ಎಂದೂ ಹೇಳಿದರೆ ಅವರು ಕೇಳುತ್ತಾರೆ.

ಕರೆಂಟ್ ಕೊಡುವುದು, ಲೈಟ್ ಕೊಡುವುದು, ಇವೇ ಅಲ್ಲವೇ ಫಿಸಿಯೋಥೆರಪಿ?

ಯಂತ್ರಗಳಿಗೆ ಜಾಗವಿದೆ, ಚಿಕ್ಕದು. ಎಸಿಎಲ್ ಆಪರೇಷನ್ ನಂತರ ತೊಡೆಯ ಸ್ನಾಯು ಎಚ್ಚರಿಸಲು ವಿದ್ಯುತ್ ಪ್ರಚೋದನೆ ನಿಜಕ್ಕೂ ಉಪಯುಕ್ತ. ಪಾದ ಉಳುಕಿಗೆ ಅಲ್ಟ್ರಾಸೌಂಡ್ ಕೊಡುವುದರಿಂದ ಹೇಳಿಕೊಳ್ಳುವಂಥ ಲಾಭ ಸಂಶೋಧನೆಗಳಲ್ಲಿ ಕಂಡಿಲ್ಲ. ಹತ್ತು ದಿನ ಕರೆಂಟ್ ಕೊಟ್ಟು ಒಂದೂ ವ್ಯಾಯಾಮ ಕಲಿಸದೆ ಕಳಿಸಿದ ಆಟಗಾರ ಹನ್ನೊಂದನೇ ದಿನ ಅದೇ ಬಲಹೀನ ಕಾಲಿನಿಂದ ಆಡುತ್ತಾನೆ.

ತಲೆಗೆ ಏಟು ಬಿದ್ದರೆ?

ಒಂದು ಕ್ಷಣ ಗೊಂದಲಗೊಂಡರೂ, ಪ್ರಜ್ಞೆ ತಪ್ಪದಿದ್ದರೂ, ಆ ದಿನದ ಆಟ ಮುಗಿಯಿತು. ವಾಂತಿ, ಹೆಚ್ಚುತ್ತಿರುವ ತಲೆನೋವು, ಕುತ್ತಿಗೆ ನೋವು, ಕೈಕಾಲು ಜೋಮು, ಮಂಪರು ಕಂಡರೆ ಆಸ್ಪತ್ರೆ. ಕುತ್ತಿಗೆಯ ಅನುಮಾನವಿದ್ದರೆ ಎತ್ತಿ ಕೂರಿಸುವುದು, ನೀರು ಕುಡಿಸುವುದು ಬೇಡ, ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು ಆಂಬುಲೆನ್ಸ್‌ಗೆ ಕಾಯಿರಿ. ಮರಳುವುದು ಆರು ಹಂತಗಳಲ್ಲಿ, ಪ್ರತಿ ಹಂತಕ್ಕೆ ಕನಿಷ್ಠ 24 ಗಂಟೆ, ಮಕ್ಕಳಿಗೆ ಇನ್ನೂ ನಿಧಾನ. ಮೈಗೆ ಮೈ ತಾಗುವ ಅಭ್ಯಾಸಕ್ಕೆ ಮುನ್ನ ವೈದ್ಯರ ಒಪ್ಪಿಗೆ ಬೇಕೇ ಬೇಕು.

ಬೇಸಿಗೆಯಲ್ಲಿ ಪಂದ್ಯಾವಳಿ ಇಟ್ಟರೆ ಯಾವ ತಯಾರಿ?

ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಓಟ, ಸೈಕ್ಲಿಂಗ್ ಇಟ್ಟರೆ ಬಿಸಿಲಾಘಾತಕ್ಕೆ ಸಿದ್ಧರಾಗಿಯೇ ಹೋಗಬೇಕು. ಕುಸಿದುಬಿದ್ದವನು ಅಡ್ಡಾದಿಡ್ಡಿ ಮಾತಾಡುತ್ತಿದ್ದರೆ, ಒಳಮೈ ಉಷ್ಣತೆ 40 ಡಿಗ್ರಿ ದಾಟಿದ್ದರೆ ಮೊದಲು ತಣಿಸಿ, ನಂತರ ಸಾಗಿಸಿ. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಐಸ್ ನೀರು ತುಂಬಿಟ್ಟು ಕುತ್ತಿಗೆವರೆಗೆ ಮುಳುಗಿಸಿ, ತಲೆ ಹಿಡಿದುಕೊಂಡು, ನೀರು ಕಲಕುತ್ತಿರಬೇಕು. ಉಷ್ಣತೆ 39 ಡಿಗ್ರಿಯ ಆಸುಪಾಸಿಗೆ ಇಳಿದಾಗ ಹೊರತೆಗೆಯಬೇಕು. ಟಬ್ ಇಲ್ಲದಿದ್ದರೆ ಒದ್ದೆ ಬಟ್ಟೆ, ಐಸ್, ಜೋರು ಗಾಳಿ. ಬಗಲು, ಹಣೆಯ ಥರ್ಮಾಮೀಟರ್ ಇಲ್ಲಿ ಮೋಸ ಮಾಡುತ್ತದೆ, ಬೆವರಿದ ಚರ್ಮ ಕಡಿಮೆ ತೋರಿಸುತ್ತದೆ.

ಉದ್ದೀಪನ ಮದ್ದಿನ ವಿಚಾರದಲ್ಲಿ ಫಿಸಿಯೋಗೆ ಏನು ಸಂಬಂಧ?

ನೇರ ಸಂಬಂಧವಿದೆ. ನಿಯಮಗಳ ಪ್ರಕಾರ ನೀವು ಆಟಗಾರನ ಸಹಾಯಕ ಸಿಬ್ಬಂದಿ, ನಿಮ್ಮ ಮೇಲೂ ಕ್ರಮ ಆಗಬಹುದು. ನೆನಪಿಡಬೇಕಾದ ಕೆಲವು: ಟ್ರಮಡಾಲ್ ಇರುವ ನೋವಿನ ಮಾತ್ರೆ 2024ರ ಜನವರಿ 1ರಿಂದ ಸ್ಪರ್ಧೆಯ ವೇಳೆ ನಿಷಿದ್ಧ. ಕೀಲಿಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್ 2022ರಿಂದ ಸ್ಪರ್ಧೆಯ ವೇಳೆ ನಿಷಿದ್ಧ, ಹಾಗಾಗಿ ಸ್ಪರ್ಧೆಗೆ ಎಷ್ಟು ದಿನ ಮುಂಚೆ ಕೊಟ್ಟರು ಎಂಬುದು ಮುಖ್ಯ. 12 ಗಂಟೆಯಲ್ಲಿ 100 ಮಿ.ಲೀ. ಮೀರಿದ ಸಲೈನ್ ಸ್ಪರ್ಧೆಯ ಹೊರಗೂ ನಿಷಿದ್ಧ, ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ತಪಾಸಣೆಗೆ ಮಾತ್ರ ವಿನಾಯಿತಿ. ತೂಕ ಇಳಿಸಿ ಸೋತ ಪೈಲ್ವಾನನಿಗೆ 'ಶಕ್ತಿಗೆ ಒಂದು ಬಾಟ್ಲಿ' ಏರಿಸುವ ರೂಢಿ ಇಲ್ಲಿ ಸಿಕ್ಕಿಬೀಳುತ್ತದೆ. ಲೇಬಲ್ ಇಲ್ಲದ ಪುಡಿ, ಲೇಹ್ಯ ತಿಂದವನು 'ಗೊತ್ತಿರಲಿಲ್ಲ' ಎಂದರೆ ನಡೆಯುವುದಿಲ್ಲ, ಮೈಯೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಫಿಸಿಯೋ ಮಾತ್ರೆ ಬರೆದುಕೊಡುವಂತಿಲ್ಲ. ವೈದ್ಯರ ಚೀಟಿಯನ್ನು ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪಾಲಿಸುವ ನಿಷಿದ್ಧ ಮದ್ದುಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುವ ಕೆಲಸ ಮಾತ್ರ ಮಾಡಬಹುದು, ಮಾಡಲೇಬೇಕು.

ಕೆಲಸ ಎಲ್ಲಿ ಸಿಗುತ್ತದೆ? ಬರೀ ಆಟಗಾರರನ್ನು ನೋಡಿ ಹೊಟ್ಟೆ ತುಂಬುತ್ತದಾ?

ಜಿಲ್ಲಾ ಕೇಂದ್ರದಲ್ಲಿ ಬರೀ ಆಟಗಾರರಿಂದ ಕ್ಲಿನಿಕ್ ನಡೆಯುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡು ಬನ್ನಿ. ಬೆನ್ನುನೋವು, ಮೊಣಕಾಲು ಸವೆತ, ಭುಜ ಹಿಡಿತ, ಪಾರ್ಶ್ವವಾಯು ಇವೇ ದಿನದ ಬಹುಪಾಲು. ಆಟಗಾರರು ಬೆಳಿಗ್ಗೆ ಅಭ್ಯಾಸದ ಮುಂಚೆ ಅಥವಾ ಸಂಜೆ ಬರುತ್ತಾರೆ, ಬಹಳಷ್ಟು ಜನ ಪೂರ್ತಿ ಶುಲ್ಕ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಸಂಬಳದ ದಾರಿಗಳೆಂದರೆ ಆಸ್ಪತ್ರೆ, ಕಾಲೇಜಿನ ಬೋಧನೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹಾಗೂ ಭಾರತೀಯ ಕ್ರೀಡಾ ಪ್ರಾಧಿಕಾರದ ಹುದ್ದೆಗಳು. ಹತ್ತಿರದ ಪ್ರಾಧಿಕಾರ ಕೇಂದ್ರ ಧಾರವಾಡದಲ್ಲಿದೆ. ಪ್ರಾಧಿಕಾರದ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವು, ಅವಧಿ ಮುಗಿದಾಗ ಮತ್ತೆ ಅರ್ಜಿ ಹಾಕಬೇಕು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಬಾಲಕರ ಕ್ರೀಡಾ ಕಂಪನಿ ಇದೆ, ಸೇನೆಗೆ ತನ್ನದೇ ನೇಮಕಾತಿ ಪದ್ಧತಿ ಇದೆ. ಕಬಡ್ಡಿ ಲೀಗ್ ತಂಡಗಳದ್ದು ಸೀಸನ್ ಲೆಕ್ಕದ ಒಪ್ಪಂದ, ಕೆಲವು ತಿಂಗಳು ಊರೂರು ಸುತ್ತಾಟ.

ಸ್ವಂತ ಕ್ಲಿನಿಕ್ಕಿನ ಲೆಕ್ಕವನ್ನು ಸಮಯದಿಂದ ಶುರುಮಾಡಿ. ಒಬ್ಬರಿಗೆ 40 ನಿಮಿಷ ಕೊಟ್ಟರೆ 8 ಜನಕ್ಕೆ 5 ಗಂಟೆ 20 ನಿಮಿಷ. ಇದರ ಮೇಲೆ ಬರವಣಿಗೆ, ಫೋನು. ದಿನಕ್ಕೆ 25 ಜನ ನೋಡುತ್ತೇನೆ ಎನ್ನುವವರು ಯಂತ್ರ ಹಚ್ಚಿ ಪಕ್ಕದ ಹಾಸಿಗೆಗೆ ಹೋಗುತ್ತಿರುತ್ತಾರೆ.

ಕ್ಲಿನಿಕ್ ತೆರೆಯಲು ಏನು ಬೇಕು?

ಕಾಗದದ ಕಡೆಯಿಂದ: ವೃತ್ತಿ ನೋಂದಣಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ (ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ), ದರಪಟ್ಟಿ ಪ್ರದರ್ಶನ, ಸೂಜಿ ಬಳಸುವುದಾದರೆ ಜೈವಿಕ ತ್ಯಾಜ್ಯದ ವ್ಯವಸ್ಥೆ.

ಸಾಮಾನಿನ ಕಡೆಯಿಂದ: ಎತ್ತರ ಬದಲಿಸಬಹುದಾದ ಒಂದು ಟೇಬಲ್, ಡಂಬೆಲ್, ಬಾರ್ ಮತ್ತು ತೂಕದ ಬಿಲ್ಲೆಗಳು, ರಬ್ಬರ್ ಬ್ಯಾಂಡ್, 30 ಸೆಂ.ಮೀ. ಮೆಟ್ಟಿಲು ಪೆಟ್ಟಿಗೆ, ಗೋನಿಯೋಮೀಟರ್, ಡೈನಮೋಮೀಟರ್, ನೋವು ತಗ್ಗಿಸಲು ಸಣ್ಣ ಕರೆಂಟ್ ಕೊಡುವ ಒಂದು ಟೆನ್ಸ್ ಯಂತ್ರ. ಕನಿಷ್ಠ 6-7 ಮೀಟರ್ ಖಾಲಿ ನೆಲ ಇರಲಿ, ಜಿಗಿತದ ಪರೀಕ್ಷೆಗೆ. ಸಾಲ ಮಾಡಿ ಲೇಸರ್ ಕೊಳ್ಳುವ ಮೊದಲು ತೂಕದ ಬಿಲ್ಲೆ ಕೊಳ್ಳಿ.

ಪಂದ್ಯಾವಳಿಗೆ ಕರೆದರೆ ಚೀಲದಲ್ಲಿ ಏನಿರಬೇಕು?

ಎರಡು ದಿನದ ಕಬಡ್ಡಿ ಪಂದ್ಯಾವಳಿಗೆ: 38 ಮಿ.ಮೀ. ಗಟ್ಟಿ ಟೇಪ್ 12 ಸುರುಳಿ, ಒಳಪದರದ ಫೋಮ್ 4, ಕ್ರೇಪ್ ಬ್ಯಾಂಡೇಜ್ 6, ಗಾಜ್, ಸಲೈನ್ 500 ಮಿ.ಲೀ. ಗಾಯ ತೊಳೆಯಲು, ಕೈಗವಸು ಒಂದು ಪೆಟ್ಟಿಗೆ, ಸ್ಪ್ಲಿಂಟ್, ತ್ರಿಕೋನ ಬಟ್ಟೆ, ಕತ್ತರಿ, ಐಸ್ ಡಬ್ಬಿ, ಓಆರ್‌ಎಸ್, ಟಾರ್ಚ್. ಇದಕ್ಕಿಂತ ಮುಖ್ಯವಾದದ್ದು ಚೀಲದ ಹೊರಗಿದೆ: ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಯಾವ ಗೇಟು ತೆರೆದಿರುತ್ತದೆ, ಹತ್ತಿರದ ಸಿಟಿ ಸ್ಕ್ಯಾನ್ ಎಲ್ಲಿ.

ಟೇಪ್ ಕಟ್ಟುವಾಗ ಪಾದ 90 ಡಿಗ್ರಿಯಲ್ಲಿರಲಿ. ಸಡಿಲ ಪಾದಕ್ಕೆ ಕಟ್ಟಿದರೆ ನಿಂತ ಕೂಡಲೇ ಅದು ಅರ್ಥ ಕಳೆದುಕೊಳ್ಳುತ್ತದೆ. ಕಟ್ಟಿದ ಮೇಲೆ ಬೆರಳಿನ ಉಗುರು ಒತ್ತಿ ಬಿಡಿ, 2 ಸೆಕೆಂಡಿನಲ್ಲಿ ಬಣ್ಣ ಮರಳದಿದ್ದರೆ ಬಿಚ್ಚಿ ಮತ್ತೆ ಕಟ್ಟಿ.

ಹೆಣ್ಣುಮಕ್ಕಳಿಗೆ ಈ ವೃತ್ತಿ ಹೊಂದುತ್ತದಾ?

ಹೊಂದುತ್ತದೆ, ಬೇಡಿಕೆಯೂ ಇದೆ. ಸೈಕ್ಲಿಂಗ್, ಕಬಡ್ಡಿ, ಕುಸ್ತಿಯ ಹುಡುಗಿಯರು ತೊಡೆಸಂದಿಯ ನೋವು, ಸೀಟಿನಿಂದಾದ ಹುಣ್ಣು, ನಿಂತುಹೋದ ಮುಟ್ಟು ಇವನ್ನು ಗಂಡಸರ ಮುಂದೆ ಹೇಳುವುದಿಲ್ಲ. ಮೂರು ತಿಂಗಳು ಮುಟ್ಟು ನಿಂತಿರುವ ಓಟಗಾರ್ತಿಯ ಎಲುಬಿನ ನೋವನ್ನು 'ಸುಮ್ಮನೆ ನೋವು' ಎಂದು ಬಿಡಬಾರದು. ಆಹಾರ ಸಾಲದೆ ಎಲುಬು ಸವೆದು ಬಿರುಕು ಬಿಟ್ಟಿರಬಹುದು, ವೈದ್ಯರಿಗೆ ತೋರಿಸಬೇಕು. ಚಿಕಿತ್ಸೆ ಕೊಡುವವರು ಗಂಡಾಗಲಿ ಹೆಣ್ಣಾಗಲಿ, 18 ವರ್ಷದೊಳಗಿನವರನ್ನು ನೋಡುವಾಗ ಇನ್ನೊಬ್ಬ ಹಿರಿಯರು ಕೋಣೆಯಲ್ಲಿರಬೇಕು.

ಇಡೀ ದಿನ ಕೈಯಿಂದ ಒತ್ತುವ ಕೆಲಸ. ನಮ್ಮ ಮೈ ತಡೆಯುತ್ತದಾ?

ಫಿಸಿಯೋಗಳಲ್ಲಿ ಹೆಬ್ಬೆರಳಿನ ಬುಡ ಮತ್ತು ಸೊಂಟ ನೋಯುವುದು ಸಾಮಾನ್ಯ. ಟೇಬಲ್ಲನ್ನು ನಿಮ್ಮ ತೊಡೆಯ ಮಟ್ಟಕ್ಕೆ ತನ್ನಿ, ಬೆನ್ನು ಬಗ್ಗಿಸುವ ಬದಲು ಒಂದು ಕಾಲು ಮುಂದಿಟ್ಟು ಮೈಭಾರದಿಂದ ಒತ್ತಿ. ಆಳದ ಒತ್ತಡಕ್ಕೆ ಮೊಣಕೈ ಬಳಸಿ, ಹೆಬ್ಬೆರಳು ಬಳಸಲೇಬೇಕಾದರೆ ಒಂದರ ಮೇಲೊಂದು ಇಟ್ಟು, ಗೆಣ್ಣು ಹಿಂದಕ್ಕೆ ಬಾಗದಂತೆ ನೇರವಾಗಿರಲಿ. ನೂರು ಕಿಲೋ ಪೈಲ್ವಾನನ ಕಾಲನ್ನು ಎತ್ತಿ ಹಿಡಿದು ಹಿಗ್ಗಿಸುವ ಬದಲು ಪಟ್ಟಿ ಕೊಟ್ಟು ಅವನಿಂದಲೇ ಮಾಡಿಸಿ.